ಇಳಿಯೋ ತಿರುವಿಗೆ ಒಂದು ಟರ್ಬೊ

ಡೀಸೆಲ್ ಎಂಜಿನ್ನಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಕೇಳುವುದು ಒಂದೇ ಪ್ರಶ್ನೆ: "ಅಣ್ಣ, ನೀವು ಮಾಡಿದ್ರಲ್ಲಿ ದೊಡ್ಡ ಕೆಲ್ಸ ಯಾವ್ದು?" ಅವರಿಗೆ ಎಂಥ ಉತ್ತರ ಬೇಕು ಎನ್ನುವುದು ನನಗೆ ಗೊತ್ತು. ಕಣಿವೆಗೆ ಉರುಳಿದ ಲಾರಿಯನ್ನು ಎತ್ತಿ ತಂದು ಓಡಿಸಿದ್ದು, ಹತ್ತು ವರ್ಷ ಶೆಡ್ಡಿನಲ್ಲಿ ಸತ್ತು ಬಿದ್ದಿದ್ದ ಟ್ರ್ಯಾಕ್ಟರಿಗೆ ಜೀವ ಬರಿಸಿದ್ದು, ಹೀಗೆ. ಆಲ್ದೂರಿನಲ್ಲಿ ಮೂವತ್ತೈದು ವರ್ಷ ವರ್ಕ್‌ಶಾಪ್ ನಡೆಸಿದವನ ಹತ್ತಿರ ಅಂಥ ಕತೆಗಳಿಗೇನೂ ಬರವಿಲ್ಲ. ಆದರೆ ನಾನು ಕಣ್ಣಾರೆ ಕಂಡ ಅತ್ಯಂತ ಒಳ್ಳೆಯ ಕೆಲಸ ನನ್ನ ಶಾಪಿನಲ್ಲಿ ಆದದ್ದಲ್ಲ. ಶಾಪನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟು ಮನೆ ಸೇರಿದ ಮೇಲೆ, ಕಳಸದಾಚೆಯ ಒಂದು ಕಾಫಿ ಕಣದಲ್ಲಿ ಆಯಿತು. ಮಾಡಿದವಳು ಸ್ಪ್ಯಾನರ್ ಹಿಡಿದು ಎರಡು ವರ್ಷವೂ ಆಗಿರದ ಹೆಣ್ಣುಮಗಳು. ಅದನ್ನು ಕೆಡಿಸಿದವನು ನಾನು. ಆ ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನನಗೆ ಕೆಲಸ ಕಲಿಸಿದವರ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗದು. ಮೂಡಿಗೆರೆಯ ಒಂದು ಹಳೆಯ ಗ್ಯಾರೇಜಿನಲ್ಲಿ ಪೀಟರ್ ಮೇಸ್ತ್ರಿ ಅಂತ ಇದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಇಡೀ ಗ್ಯಾರೇಜು ಸುಮ್ಮನಾಗುತ್ತಿತ್ತು. ಹೊಗೆಯ ಬಣ್ಣ ನೋಡಿಯೇ ರೋಗ ಹೇಳುತ್ತಿದ್ದರು. ಈಗ ಸ್ಕ್ಯಾನರ್ ಚುಚ್ಚಿದರೆ ಅದೇ ಹೇಳುತ್ತದೆ, ಒಳ್ಳೆಯದೇ. ನಾನೂ ಐವತ್ತು ದಾಟಿದ ಮೇಲೆ ಅದನ್ನು ಕಲಿತವನು. ಹಳೆಯದೇ ಚೆಂದ ಎಂದು ಗೊಣಗುವ ಜಾತಿ ನನ್ನದಲ್ಲ. ಆದರೆ ಪೀಟರ್ ಮೇಸ್ತ್ರಿಯ ಒಂದು ಕಟ್ಟಳೆ ಮಾತ್ರ ಯಾವ ಸ್ಕ್ಯಾನರಿನಲ್ಲೂ ಸಿಗುವುದಿಲ್ಲ. ತಪ್ಪು ಮಾಡಿದವನೇ ಗಿರಾಕಿಯ ಎದುರು ಹೋಗಿ ನಿಂತು ಬಾಯಿಬಿಟ್ಟು ಹೇಳಬೇಕು. ಯಜಮಾನ ಹೇಳುವ ಹಾಗಿಲ್ಲ, ಚೀಟಿ ಕಳಿಸುವ ಹಾಗಿಲ್ಲ.

ನಾನು ಸೇರಿದ ಮೊದಲ ವರ್ಷ ಒಬ್ಬ ಕಾಫಿ ಪ್ಲಾಂಟರರ ಜೀಪಿನ ಗಾಳಿ ಕೊಳವೆಯೊಳಗೆ ಒರೆಸುವ ಬಟ್ಟೆಯನ್ನು ಮರೆತು ಬಿಗಿದುಬಿಟ್ಟಿದ್ದೆ. ಜೀಪು ದೇವರಮನೆ ಗುಡ್ಡದ ಏರಿನಲ್ಲಿ ನೆಂಟರಿಷ್ಟರ ಸಮೇತ ಉಸಿರುಕಟ್ಟಿ ನಿಂತಿತು. ಮೇಸ್ತ್ರಿ ನನಗೆ ಬಯ್ಯಲಿಲ್ಲ. ಆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಹೋಗು, ಬಂಗಲೆಗೆ ಹೋಗಿ ಹೇಳಿ ಬಾ" ಎಂದರು. ಬಸ್ಸಿಳಿದು ಎರಡು ಮೈಲಿ ನಡೆದು, ಬಟ್ಟೆಯನ್ನು ಮುಂದೆ ಹಿಡಿದು ಹೇಳಿದೆ. ಪ್ಲಾಂಟರು ಮೊದಲು ಚೆನ್ನಾಗಿ ಉಗಿದರು, ಆಮೇಲೆ ಕಾಫಿ ಕೊಡಿಸಿದರು. ಅವತ್ತಿನಿಂದ ನಾನೂ ಆ ಕಟ್ಟಳೆ ಹಿಡಿದೆ, ನನ್ನ ಶಾಪಿನಲ್ಲಿ ಎಲ್ಲರಿಗೂ ಅದನ್ನೇ ಬೋಧಿಸಿದೆ. ಬೋಧಿಸುವುದೇನು, ಸುಲಭ.

ಇನ್ನು ಸುಮಿತ್ರಾಳ ವಿಷಯ. ಒಂದು ಫೆಬ್ರವರಿಯ ಬೆಳಿಗ್ಗೆ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಮಗು ಎತ್ತಿಕೊಂಡ ಹಾಗೆ ಎದೆಗವುಚಿಕೊಂಡು ಆಲ್ದೂರಿನ ನಮ್ಮ ಮನೆಗೆ ಬಂದಳು. ಮೂವತ್ತರ ಆಸುಪಾಸಿನ ವಯಸ್ಸು. ಕಳಸದಿಂದ ಮೇಲ್‌ಹಕ್ಲು ಅನ್ನುವ ಊರಿಗೆ ಜೀಪು ಓಡಿಸುವವಳು ಎಂದಳು. ಚೀಲ ಬಿಚ್ಚಿದರೆ ಒಳಗೆ ಒಂದು ಹಳೆಯ ಟರ್ಬೊ.

"ಇದನ್ನ ನಮ್ಮ ಜೀಪಿಗೆ ಕೂರಿಸ್ಬೇಕು ರುದ್ರಣ್ಣ. ನೀವು ಡೀಸೆಲ್ ಪಂಪ್ ಒಂದು ಸೆಟ್ ಮಾಡಿಕೊಡಿ. ಬಾಕಿದ್ದು ನಾನೇ ಮಾಡ್ತೀನಿ."

ನಾನು ನಕ್ಕುಬಿಟ್ಟೆ. "ಎಂತ ಮಾರಾಯ್ತಿ, ಇದೇನು ಹಾರ್ನ್ ಅಂದ್ಕೊಂಡ್ಯಾ ಮನೇಲಿ ಕೂರಿಸ್ಲಿಕ್ಕೆ?"

ಅವಳು ನಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಒಂದು ನೋಟ್‌ಬುಕ್ ತೆಗೆದಳು. ಅವಳ ಜೀಪಿನ ಎಂಜಿನ್ ಯಾವುದು, ಅದೇ ಎಂಜಿನ್ನಿಗೆ ಕಂಪನಿಯೇ ಟರ್ಬೊ ಹಾಕಿ ಬಿಟ್ಟ ಮಾದರಿ ಯಾವುದು, ಅಂಥ ಒಂದು ಗುಜರಿ ಗಾಡಿಯಿಂದ ಏನೇನು ಬಿಚ್ಚಿ ತಂದಿದ್ದಾಳೆ, ಎರಡರ ಬೋಲ್ಟಿನ ತೂತುಗಳು ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ, ಎಲ್ಲ ಚಿತ್ರ ಸಮೇತ ಬರೆದಿದ್ದಳು. ಫೋನಿನಲ್ಲಿ ವಿಡಿಯೊ ನೋಡಿ ಕಲಿತದ್ದಂತೆ. ಜೀಪು ಹಿಡಿಯುವ ಮುಂಚೆ ಕಳಸದ ಕಾಫಿ ವ್ಯಾಪಾರಿಯ ಹತ್ತಿರ ಕಾಫಿಯ ಸ್ಯಾಂಪಲ್ ಕವರಿನ ಮೇಲೆ ವಿವರ ಬರೆಯುವ ಕೆಲಸದಲ್ಲಿ ಇದ್ದವಳು. ಅಕ್ಷರ ಮುತ್ತಿನ ಹಾಗಿತ್ತು. ಮೂವತ್ತೈದು ವರ್ಷದಲ್ಲಿ ನಾನು ಒಂದು ಎಂಜಿನ್ನಿನ ಬಗ್ಗೆಯೂ ಹಾಗೆ ಬರೆದಿಟ್ಟವನಲ್ಲ. ಆದರೂ ಒಪ್ಪಲಿಲ್ಲ. ಚಿಕ್ಕಮಗಳೂರಿಗೆ ತಗೊಂಡು ಹೋಗು ಎಂದೆ.

"ಕೇಳಿ ಆಯ್ತು. ಹೊಸ ಗಾಡಿ ತಗೊಳ್ಳಿ ಅಂತಾರೆ," ಎಂದಳು. "ನೀವು ಒಂದ್ಸಲ ಬಂದು ನಮ್ಮ ರಸ್ತೆ ನೋಡಿ. ಆಮೇಲೆ ಆಗಲ್ಲ ಅಂದ್ರೆ ಆಗಲ್ಲ."

ಸರಿ, ನೋಡಿದರೆ ಕಳೆದುಕೊಳ್ಳುವುದೇನಿದೆ ಎಂದು ಅದೇ ವಾರ ಕಳಸಕ್ಕೆ ಹೋದೆ. ಸಂಜೆ ನಾಲ್ಕಕ್ಕೆ ಬಸ್ ನಿಲ್ದಾಣದ ಪಕ್ಕದಲ್ಲಿ ಅವಳ ಜೀಪು ಹೊರಟು ನಿಂತಿತ್ತು. ಮೇಲ್‌ಹಕ್ಲಿಗೆ ಬಸ್ಸಿಲ್ಲ, ಈ ಜೀಪೇ ಬಸ್ಸು. ಹಿಂದೆ ತೋಟದ ಕೆಲಸದವರು ಹತ್ತು ಮಂದಿ, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರು, ಬುಟ್ಟಿಯಲ್ಲಿ ಎರಡು ಕೋಳಿ. ಮುಂದಿನ ಸೀಟಿನಲ್ಲಿ ಅವಳ ಅಪ್ಪ ತಿಮ್ಮಪ್ಪಣ್ಣ. ನಲವತ್ತು ವರ್ಷ ಆ ದಾರಿಯಲ್ಲಿ ಜೀಪು ಓಡಿಸಿದವರು. ಈಗ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಎರಡು ಸಲ ಮೂಡಿಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅವತ್ತೂ ಅದೇ ದಿನ. ತೋಳಿಗೆ ಬ್ಯಾಂಡೇಜು, ಮುಖ ಬಿಳುಚಿ, ತುಟಿ ಒಣಗಿತ್ತು. ನನಗೆ ಅವರ ಪಕ್ಕದಲ್ಲೇ ಜಾಗ ಕೊಟ್ಟರು.

ಊರು ಇನ್ನು ಅರ್ಧ ಕಿಲೋಮೀಟರ್ ಇದೆ ಅನ್ನುವಾಗ ರಸ್ತೆ ಎಡಕ್ಕೆ ತಿರುಗಿ ಗೋಡೆ ಹತ್ತಿದ ಹಾಗೆ ಮೇಲೇರುತ್ತದೆ. ಅಲ್ಲಿ ಸುಮಿತ್ರಾ ಜೀಪು ನಿಲ್ಲಿಸಿದಳು. ಹಿಂದಿನವರೆಲ್ಲ ತಾವಾಗಿಯೇ ಇಳಿದು ನಡೆಯತೊಡಗಿದರು. ಅದರ ಹೆಸರೇ ಇಳಿಯೋ ತಿರುವು. ತುಂಬಿದ ಜೀಪು ಅಲ್ಲಿ ಹತ್ತುವುದಿಲ್ಲ, ಹಾಗಾಗಿ ಎಲ್ಲರೂ ಇಳಿಯಲೇಬೇಕು. ಮಳೆಯೋ ಬಿಸಿಲೋ, ಬಸುರಿಯೋ ಬಾಣಂತಿಯೋ, ಇಳಿದು ನಡೆಯಬೇಕು. ಇದು ತಿಮ್ಮಪ್ಪಣ್ಣ ಮಾಡಿದ ಕಾನೂನು. ಒಮ್ಮೆ ಎಸ್ಟೇಟ್ ಓನರೇ ಗಾಡಿ ಕೆಟ್ಟು ಇವರ ಜೀಪಿಗೆ ಹತ್ತಿದ್ದರಂತೆ. "ಇಲ್ಲಿ ಎಲ್ರೂ ಇಳೀಬೇಕು ಸಾರ್, ನೀವೂ" ಎಂದು ಬಾಗಿಲು ತೆಗೆದರಂತೆ. ಓನರು ಬೂಟು ಕೆಸರು ಮಾಡಿಕೊಂಡು ಹತ್ತಿದ್ದನ್ನು ಊರವರು ಈಗಲೂ ಹೇಳಿ ನಗುತ್ತಾರೆ.

ನಾನು ನೆಂಟನಲ್ಲವೇ ಎಂದು ಕೂತೇ ಇದ್ದೆ. ಆಗ ತಿಮ್ಮಪ್ಪಣ್ಣ ಬಾಗಿಲು ಹಿಡಿದು ಮೆಲ್ಲಗೆ ಕಾಲು ಕೆಳಗಿಟ್ಟರು. ನಾನು ಗಾಬರಿಯಾಗಿ ಸುಮಿತ್ರಾಳ ಮುಖ ನೋಡಿದೆ. ಅವಳು ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ನಾನೂ ಇಳಿದೆ. ಅವಳು ಖಾಲಿ ಜೀಪನ್ನು ಕರಿ ಹೊಗೆ ಕಾರಿಸುತ್ತ ಮೇಲೆ ಹತ್ತಿಸಿಕೊಂಡು ಹೋದಳು.

ಆ ಏರನ್ನು ತಿಮ್ಮಪ್ಪಣ್ಣ ಹತ್ತಿದ್ದು ಹೇಗೆಂದು ನಾನು ನೋಡಿದೆ. ಎರಡು ಕಡೆ ಕಲ್ಲಿನ ಮೇಲೆ ಕೂತರು. ಒಂದು ಕಡೆ ರಸ್ತೆ ಬದಿಯ ಸಿಲ್ವರ್ ಓಕ್ ಮರಕ್ಕೆ ಹಣೆ ಒರಗಿಸಿ ನಿಂತರು. ಮುಂದೆ ಹೋಗುತ್ತಿದ್ದ ತೋಟದ ಕೆಲಸದ ಶೇಷಕ್ಕ ತಿರುಗಿ ಬಂದು ಚೀಲ ತೆಗೆದುಕೊಂಡಳು. ಅವಳೂ ಅರವತ್ತು ದಾಟಿದವಳೇ. ಕೈ ಹಿಡಿಯಲು ಹೋದರೆ ಅವರು ಬಿಡಲಿಲ್ಲ.

"ನೀವೊಬ್ರು ಕೂತಿದ್ರೆ ಜೀಪು ಹತ್ತಲ್ವಾ ಅಣ್ಣ? ಡಾಕ್ಟ್ರು ಕಂಡ್ರೆ ಬೈತಾರೆ," ಎಂದೆ.

ಅವರು ಉಸಿರು ತಂದುಕೊಂಡು ಹೇಳಿದರು: "ನಲವತ್ತು ವರ್ಷ ಇವ್ರನ್ನೆಲ್ಲ ಇಲ್ಲಿ ಇಳಿಸಿದೀನಿ ರುದ್ರಣ್ಣ. ಇವ್ರು ನಡೆದ್ರು, ನಾನೊಬ್ನೇ ಕೂತು ಹೋದೆ. ಡ್ರೈವರ್ ಅಲ್ವಾ. ಈಗ ಡ್ರೈವರ್ ಅಲ್ಲ. ಈಗ ಇವ್ರು ನಡೀವಾಗ ನಾನು ಯಾವ ಮುಖ ಇಟ್ಕೊಂಡು ಕೂರ್ಲಿ?"

ನಾನು ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಹತ್ತಿದೆ. ಮೇಲೆ ಕಣದಲ್ಲಿ ಸುಮಿತ್ರಾ ಜೀಪಿನ ಪಕ್ಕ ನಿಂತು ಕಾಯುತ್ತಿದ್ದಳು. ಅಪ್ಪ ಕಣ್ಣಿಗೆ ಬಿದ್ದ ಮೇಲೆ ನನ್ನ ಕಡೆ ತಿರುಗಿ, "ಎಷ್ಟು ಅತ್ತರೂ ಕೇಳಲ್ಲ. ಎಲ್ರೂ ಕೂತಿದ್ರೆ ಮಾತ್ರ ಅವ್ರೂ ಕೂರೋದು. ಮಳೆ ಹಿಡಿದ ಮೇಲೆ ಈ ಜಾರುವಲ್ಲಿ ಅವರಿಗೆ ಆಗಲ್ಲ ರುದ್ರಣ್ಣ. ಅಷ್ಟರೊಳಗೆ ಈ ಜೀಪು ತುಂಬಿದ್ದು ತುಂಬಿದ ಹಾಗೇ ಹತ್ಬೇಕು" ಎಂದಳು. ಅವಳು ಟರ್ಬೊ ಯಾಕೆ ಹೊತ್ತು ತಂದಿದ್ದಳೆಂದು ಆಗ ತಿಳಿಯಿತು. ಮಾರನೆಯ ದಿನವೇ ಬರುತ್ತೇನೆಂದೆ.

ಈ ಕೆಲಸಕ್ಕೆ ಹೊಸಬರಾದವರಿಗಾಗಿ ಟರ್ಬೊ ಅಂದರೆ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರವಿದೆ, ಅದು ಹೊರಗಿನ ಗಾಳಿಯನ್ನು ಎಂಜಿನ್ನಿನೊಳಗೆ ತುರುಕುತ್ತದೆ. ಗಾಳಿ ಹೆಚ್ಚಿದರೆ ಡೀಸೆಲ್ಲು ಪೂರ್ತಿ ಉರಿದು ಬಲ ಬರುತ್ತದೆ. ನಮ್ಮ ಬೆಟ್ಟದ ಮೇಲೆ ಗಾಳಿಯೇ ತೆಳು, ಹಳೆಯ ಎಂಜಿನ್ನುಗಳು ಏರಿನಲ್ಲಿ ಕರಿ ಹೊಗೆ ಉಗುಳುವುದು ಅದಕ್ಕೇ. ಆ ದಂಡ ತಿರುಗುವ ವೇಗಕ್ಕೆ ಲೆಕ್ಕವಿಲ್ಲ. ಅದನ್ನು ಕಾಪಾಡುವುದು ಸುತ್ತ ಹರಿಯುವ ತೆಳ್ಳನೆಯ ಎಣ್ಣೆ ಮಾತ್ರ. ಎಣ್ಣೆ ನಿಂತರೆ ಟರ್ಬೊ ಸತ್ತಿತು. ಇಷ್ಟು ನೆನಪಿಟ್ಟುಕೊಳ್ಳಿ. ಹಾಗೆಯೇ, ಗಾಡಿಯ ಕಾಗದಪತ್ರಕ್ಕೆ ಒಪ್ಪಿಗೆ ಪಡೆಯದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ. ಸುಮಿತ್ರಾ ನನ್ನ ಬಳಿ ಬರುವುದಕ್ಕೂ ಮುಂಚೆ ಆರ್‌ಟಿಒ ಆಫೀಸಿಗೆ ಎಷ್ಟು ಸಲ ಅಲೆದಿದ್ದಳೆಂದರೆ, ಅಲ್ಲಿನ ಗುಮಾಸ್ತರು ಇವಳನ್ನು ಕಂಡ ಕೂಡಲೇ ಫೈಲು ಹುಡುಕುತ್ತಿದ್ದರಂತೆ.

ಕೆಲಸ ನಡೆದದ್ದು ಅವರ ಮನೆ ಮುಂದಿನ ಕಾಫಿ ಕಣದಲ್ಲಿ. ಆ ವರ್ಷದ ಕಾಫಿಯೆಲ್ಲ ಒಣಗಿ ಹೋಗಿ ಸಿಮೆಂಟಿನ ಕಣ ಖಾಲಿ ಇತ್ತು. ದಿನದ ಲೈನ್, ಅಂದರೆ ಊರವರನ್ನು ಕರೆದೊಯ್ಯುವ ಟ್ರಿಪ್, ತಪ್ಪಿಸಬಾರದೆಂದು ಸುಮಿತ್ರಾ ನೆಂಟರ ಜೀಪೊಂದನ್ನು ಕೇಳಿ ತಂದು ಬೆಳಿಗ್ಗೆ ಸಂಜೆ ಅದನ್ನು ಓಡಿಸುತ್ತಿದ್ದಳು, ನಡುವಿನ ಹೊತ್ತೆಲ್ಲ ಕಣದಲ್ಲಿ. ನಾನು ಮೊದಲು ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದೆ. ಸೋತ ಎಂಜಿನ್ನಿಗೆ ಟರ್ಬೊ ಹಾಕುವುದೆಂದರೆ ಮುದುಕನ ಬೆನ್ನ ಮೇಲೆ ಮೂಟೆ ಹೇರಿದ ಹಾಗೆ. ನಾಲ್ಕೂ ಸಿಲಿಂಡರ್ ಗಟ್ಟಿ ಇದ್ದವು. ಅಲ್ಲಿಂದ ಮುಂದೆ ನಾನು ಬರೀ ನೋಡುವವನಾದೆ.

ನನ್ನ ಶಾಪಿನಲ್ಲಿ ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿಯುತ್ತಿದ್ದೆವು, ಆಮೇಲೆ ಹುಡುಕಾಟ. ಅವಳು ಕಾಫಿಯ ಸ್ಯಾಂಪಲ್ ಕವರುಗಳ ಕಟ್ಟು ಇಟ್ಟುಕೊಂಡು, ಒಂದೊಂದು ಜಾಗದ ಬೋಲ್ಟನ್ನು ಒಂದೊಂದು ಕವರಿಗೆ ಹಾಕಿ, ಮೇಲೆ ಬರೆದು, ಬಿಚ್ಚಿದ ಕ್ರಮದಲ್ಲೇ ಟಾರ್ಪಾಲಿನ ಮೇಲೆ ಸಾಲಾಗಿ ಜೋಡಿಸಿದಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುವ ವೆಲ್ಡರಿನ ಹತ್ತಿರ ಹೋಗಿ, ಎರಡು ಕಡೆಯ ತೂತು ಹೊಂದದ ಜಾಗಕ್ಕೆ ದಪ್ಪ ಪ್ಲೇಟು ಮಾಡಿಸಿದಳು. ಪ್ಲೇಟು ಕೂದಲೆಳೆಯಷ್ಟು ಬಾಗಿತ್ತು. ನಾನಾಗಿದ್ದರೆ ಗ್ಯಾಸ್ಕೆಟ್ ಇಟ್ಟು ಬಿಗಿದುಬಿಡುತ್ತಿದ್ದೆ. ಅವಳು ಗಾಜಿನ ಮೇಲೆ ಮರಳು ಕಾಗದ ಹಾಸಿ, ಅದರ ಮೇಲೆ ಪ್ಲೇಟನ್ನು ಒಂದು ಮಧ್ಯಾಹ್ನ ಪೂರ್ತಿ ಉಜ್ಜಿ ಸಮ ಮಾಡಿದಳು. ಟರ್ಬೊದಿಂದ ಎಣ್ಣೆ ವಾಪಸು ಬರುವ ಪೈಪು ಎಲ್ಲೂ ಮೇಲೇಳದೆ ಇಳಿಜಾರಾಗಿಯೇ ಕೆಳಗಿನ ಎಣ್ಣೆ ತೊಟ್ಟಿಗೆ ಬೀಳಬೇಕು. ಅದಕ್ಕೆ ತೊಟ್ಟಿ ಬಿಚ್ಚಿ ತೂತು ಮಾಡಿಸಬೇಕು. ಬಿಚ್ಚದೆಯೇ ಮಾಡುವ ಉಪಾಯ ಹೇಳಿದೆ. "ಕಬ್ಬಿಣದ ಚೂರು ಒಳಗೆ ಬಿದ್ರೆ ಯಾರು ತೆಗೀತಾರೆ?" ಎಂದಳು. ಬಿಚ್ಚಿಯೇ ಮಾಡಿದಳು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಎಂಜಿನ್ನಿನ ಮೇಲ್ಭಾಗ ತೆರೆದಿಟ್ಟಿದ್ದಾಗಲೇ ಬ್ಲಾಸಮ್ ಮಳೆ ಬಂತು. ಕಾಫಿ ಹೂವಿಗೆ ಬೇಕಾದ ಮಳೆ ಅದು, ಊರೇ ಹರಕೆ ಹೊತ್ತು ಕಾಯುವ ಮಳೆ. ಆದರೆ ತೆರೆದ ಎಂಜಿನ್ನಿಗೆ ಒಂದು ಹನಿ ಬಿದ್ದರೂ ಕೆಟ್ಟಿತು. ನಾನು ಕೂಗುವುದರೊಳಗೆ ಶೇಷಕ್ಕ ಮತ್ತೆ ನಾಲ್ಕು ಹೆಂಗಸರು ಕಾಫಿ ಮುಚ್ಚುವ ಟಾರ್ಪಾಲು ಎಳೆದುಕೊಂಡು ಓಡಿ ಬಂದರು. ಕಣದಲ್ಲಿ ಒಣಗಿಸಿದ್ದನ್ನು ಮಳೆಯಿಂದ ಉಳಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಜೀಪು ಪೂರ್ತಿ ಮುಚ್ಚಿ ನಾಲ್ಕು ಮೂಲೆಗೂ ಕಲ್ಲು ಬಿದ್ದಾಗಿತ್ತು. "ಇದೂ ನಾವು ಒಣಗಿಸೋ ಕಾಫಿ ಪಾರ್ಚ್‌ಮೆಂಟೇ ಅಲ್ವಾ ಮಾರಾಯ್ರೆ" ಎಂದು ಶೇಷಕ್ಕ ಸೆರಗಿನಲ್ಲಿ ತಲೆ ಒರೆಸಿಕೊಂಡಳು.

ಎಲ್ಲ ಕೂರಿಸಿ ಆದ ಮೇಲೆ ಪಂಪಿನ ಕೆಲಸ ನನ್ನದು. ಗಾಳಿ ಹೆಚ್ಚಿದ್ದಕ್ಕೆ ತಕ್ಕಷ್ಟು ಡೀಸೆಲ್ಲು ಹೆಚ್ಚಿಸಬೇಕು. ಹೆಚ್ಚಾದರೆ ಎಂಜಿನ್ ಸುಡುತ್ತದೆ, ಕಮ್ಮಿಯಾದರೆ ಟರ್ಬೊ ಹಾಕಿದ್ದೇ ವ್ಯರ್ಥ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ, ಹೊಗೆ ನೋಡಿ, ಮತ್ತೆ ಒಂಚೂರು. ಜೀಪಿನ ತುಂಬ ಗೊಬ್ಬರದ ಚೀಲ ಹೇರಿ ಇಳಿಯೋ ತಿರುವಿನಲ್ಲಿ ಹತ್ತಿಸಿ ನೋಡಿ, ಬಂದು ಮತ್ತೆ ಸರಿಮಾಡಬೇಕು. ಸುಮಿತ್ರಾ ಲೈನಿಗೆ ಹೋಗಿರುತ್ತಿದ್ದಳು, ಹಾಗಾಗಿ ಓಡಿಸಿ ನೋಡುವುದು ನಾನೇ. ಡ್ಯಾಶ್‌ಬೋರ್ಡಿಗೆ ಅವಳು ಒಂದು ಸ್ಯಾಂಪಲ್ ಕವರ್ ಅಂಟಿಸಿದ್ದಳು: "ಆಫ್ ಮಾಡುವ ಮುಂಚೆ ಎರಡು ನಿಮಿಷ ಸುಮ್ಮನೆ ಓಡಲಿ." ಏರು ಹತ್ತಿದಾಗ ಟರ್ಬೊ ಕೆಂಡದಂತೆ ಕಾದಿರುತ್ತದೆ. ಆಗಲೇ ಎಂಜಿನ್ ನಿಲ್ಲಿಸಿದರೆ ಎಣ್ಣೆಯೂ ನಿಂತು, ದಂಡದ ಸುತ್ತ ಉಳಿದದ್ದು ಸುಟ್ಟು ಇದ್ದಿಲಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಶಾಪಿಗೆ ಬಂದ ಬಸ್ ಡ್ರೈವರುಗಳಿಗೆ ಇದೇ ಕಾರಣಕ್ಕೆ ಎಷ್ಟು ಸಲ ಬೈದಿಲ್ಲ ನಾನು!

ಮೊದಲ ಸಲ ತುಂಬಿದ ಜೀಪು ಆ ಏರಿನಲ್ಲಿ ಟರ್ಬೊದ ಸೀಟಿ ಹೊಡೆದುಕೊಂಡು ಎರಡನೇ ಗೇರಿನಲ್ಲಿ ಹತ್ತಿದಾಗ, ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಅಂಥ ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ನಮ್ಮ ಗುಡ್ಡದ ಡ್ರೈವರುಗಳಿಗೆ ಒಂದು ಚಟವಿದೆ. ಏರು ಮುಗಿದು ಇಳಿಜಾರು ಶುರುವಾಯಿತೋ, ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿನಲ್ಲಿ ಗಾಡಿಯನ್ನು ಉರುಳಿಸಿಕೊಂಡು ಹೋಗುವುದು. ಡೀಸೆಲ್ ಉಳಿಸುವುದಕ್ಕೆಂದು ಶುರುವಾದದ್ದು, ಈಗ ಅದೊಂದು ಜಂಬ. ಬ್ರೇಕಿಗೂ ಅದು ಅಪಾಯ, ಯಾರೂ ಮಾಡಬೇಡಿ. ಇಳಿಯೋ ತಿರುವಿನ ಏರು ಮುಗಿದ ಮೇಲೆ ಕಣದವರೆಗೆ ಸಣ್ಣ ಇಳಿಜಾರಿದೆ. ನನ್ನ ಕೈ ನನ್ನನ್ನು ಕೇಳದೆಯೇ ಕೀ ತಿರುಗಿಸಿತು. ಜೀಪು ಸದ್ದಿಲ್ಲದೆ ತೇಲಿಕೊಂಡು ಬಂದು ಕಣದಲ್ಲಿ ನಿಂತಿತು. ಜಗುಲಿಯಲ್ಲಿ ಕೂತಿದ್ದ ತಿಮ್ಮಪ್ಪಣ್ಣನ ಮುಖ ಅರಳಿತು.

"ಕೀ ಎಲ್ಲಿ ತಿರುಗಿಸ್ಬೇಕು ಅಂತ ಗೊತ್ತಿರೋ ಕೈ ನಿಮ್ದು ರುದ್ರಣ್ಣ! ಒಂದು ಗೇಣು ಆಚೀಚೆ ಇಲ್ಲ," ಎಂದರು.

ನಾನು ಹಿಗ್ಗಿದೆ. ಏನು ಮಾಡಿದೆನೆಂದು ನೆನಪಾದದ್ದು ಜೀಪಿನಿಂದ ಇಳಿದ ಮೇಲೆ. ಒಂದು ಸಲಕ್ಕೆ ಏನೂ ಆಗದು ಎಂದುಕೊಂಡೆ. ಮುಂದಿನ ಸಲವೂ ಕೈ ಹೋಯಿತು. ಆಮೇಲಂತೂ ನೆನಪಿದ್ದಾಗಲೂ ಜಗುಲಿಯ ಕಡೆ ಕಣ್ಣು ಹೋಗಿ, ಆ ಹೊಗಳಿಕೆಗೆ ಮನಸ್ಸು ಜಾರಿತು ಎಂದು ಒಪ್ಪಿಕೊಳ್ಳಬೇಕು. ಮೂರು ದಿನದಲ್ಲಿ ಒಂಬತ್ತು ಸಲ. ನಾಲ್ಕನೆಯ ದಿನ ಸೀಟಿಯ ಸದ್ದು ಹೋಗಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬಂತು, ಹಿಂದೆ ನೀಲಿ ಹೊಗೆ. ಜೀಪು ಅರ್ಧ ಏರಿನಲ್ಲಿ ನಿಂತಿತು.

ಚೀಲ ಇಳಿಸಿ ಹೇಗೋ ಕಣಕ್ಕೆ ತಂದ ಮೇಲೆ ಸುಮಿತ್ರಾ ಬಂದು ಬಿಚ್ಚಿ ನೋಡಿದಳು. ದಂಡ ಸುಟ್ಟು ಕರಿಯಾಗಿ ಅಲುಗಾಡುತ್ತಿತ್ತು. ಎಣ್ಣೆ ಸರಿಯಾಗಿ ಸಿಕ್ಕಿಲ್ಲ ಎಂದು ಅವಳಿಗೆ ತಕ್ಷಣ ತಿಳಿಯಿತು. ಯಾಕೆ ಸಿಗಲಿಲ್ಲ ಅನ್ನುವಲ್ಲಿ ಅವಳು ನನ್ನ ಕಡೆ ನೋಡಲೇ ಇಲ್ಲ. ರುದ್ರಣ್ಣನಂಥ ಮೆಕ್ಯಾನಿಕ್ ಅಂಥ ತಪ್ಪು ಮಾಡುತ್ತಾರೆಂದು ಅವಳ ಕನಸಿಗೂ ಬರಲಿಲ್ಲ. ತಾನು ಹಾಕಿದ ಎಣ್ಣೆ ಪೈಪು ಬಿಚ್ಚಿದಳು. ಡೀಸೆಲ್ಲಿನಲ್ಲಿ ತೊಳೆದಳು, ಊದಿದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ತೊಳೆದಳು. ಮೂರು ಸಲ. ಅದರಲ್ಲಿ ಏನೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

"ಎಲ್ಲೋ ಕಸ ಬಿಟ್ಟಿದೀನಿ ನಾನು," ಎಂದಳು. "ಎಲ್ರೂ ಹೇಳಿದ್ರು ನಂಗೆ ಬರೋ ಕೆಲ್ಸ ಅಲ್ಲ ಅಂತ. ಸುಮ್ನೆ ಅಪ್ಪಂಗೆ ಆಸೆ ತೋರಿಸ್ದೆ."

ಒಳಗಿನಿಂದ ತಿಮ್ಮಪ್ಪಣ್ಣ, "ಬಿಡು ಮಗ, ನಡೆದ್ರಾಯ್ತು. ನಡೆಯೋದೇನು ದೊಡ್ಡ ವಿಷ್ಯ," ಎಂದರು.

ಆಗ ನಾನು ಹೇಳಬೇಕಿತ್ತು, ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹಳೆಯ ಟರ್ಬೊ ಅಲ್ವಾ, ಒಳಗೆ ಮೊದಲೇ ಸೋತಿತ್ತೋ ಏನೋ ಅಂತ ಒಂದು ಮಾತು ತೇಲಿಬಿಟ್ಟು ಸಂಜೆಯ ಬಸ್ಸಿಗೆ ಆಲ್ದೂರಿಗೆ ಬಂದುಬಿಟ್ಟೆ. ಕೆಲಸ ಶುರುಮಾಡುವವರೇ, ನಿಮಗೆ ಒಂದು ಮಾತು ಹೇಳುತ್ತೇನೆ. ಹದಿನೆಂಟು ವರ್ಷಕ್ಕೆ ಪ್ಲಾಂಟರ್ ಎದುರು ಬಟ್ಟೆ ಹಿಡಿದು ನಿಲ್ಲುವುದು ನನಗೆ ಸುಲಭವಾಗಿತ್ತು, ಏಕೆಂದರೆ ಆಗ ಕಳೆದುಕೊಳ್ಳಲು ಹೆಸರಿರಲಿಲ್ಲ. ಅರವತ್ಮೂರಕ್ಕೆ, ಒಂದು ಹೆಣ್ಣುಮಗಳ ಕಣ್ಣಲ್ಲಿ ದೊಡ್ಡ ಮೆಕ್ಯಾನಿಕ್ ಆಗಿ ಕೂತ ಮೇಲೆ, ನನ್ನ ಕೈಲಾಗಲಿಲ್ಲ. ಆ ದಿನದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಟರ್ಬೊ ಕೆಡಿಸಿದ್ದಕ್ಕಿಂತ, ಅವಳು ಆ ಪೈಪನ್ನು ಮೂರನೇ ಸಲ ತೊಳೆಯುವುದನ್ನು ಕೈಕಟ್ಟಿ ನೋಡುತ್ತ ನಿಂತದ್ದಕ್ಕೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಕಳಸದಲ್ಲಿ ಜೀಪಿಗೆ ಕಾಯದೆ ನಡೆದೇ ಹತ್ತಿದೆ. ಕಣಕ್ಕೆ ಹೋದಾಗ ಅವಳು ಸ್ಯಾಂಪಲ್ ಕವರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬುತ್ತಿದ್ದಳು, ಹಳೆಯ ಭಾಗಗಳನ್ನೇ ಮತ್ತೆ ಜೋಡಿಸಿ ಜೀಪನ್ನು ಮೊದಲಿನ ಹಾಗೆ ಮಾಡುವುದಕ್ಕೆ. ತಿಮ್ಮಪ್ಪಣ್ಣ ಪಕ್ಕದಲ್ಲೇ ಇದ್ದರು.

"ಸುಮಿತ್ರಾ, ಟರ್ಬೊ ಕೆಡಿಸಿದ್ದು ನಾನು. ಏರಿನ ತುದೀಲಿ ಆಫ್ ಮಾಡಿ ಉರುಳಿಸಿಕೊಂಡು ಬಂದೆ. ನೀನು ಬರೆದಿಟ್ಟಿದ್ದನ್ನ ಓದಿಯೂ ಮಾಡಿದೆ. ನಿನ್ನೆ ಹೇಳದೇ ಹೋಗಿದ್ದು ಅದಕ್ಕಿಂತ ದೊಡ್ಡ ತಪ್ಪು," ಎಂದೆ.

ಅವಳು ಕೈಯಲ್ಲಿದ್ದ ಕವರನ್ನು ಕೆಳಗಿಟ್ಟಳು. ಬಯ್ಯಲಿ ಎಂದು ಕಾದೆ.

"ಎಷ್ಟು ಸಲ?"

"ಒಂಬತ್ತು."

ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡಳು. ಬರೆದದ್ದನ್ನು ಇನ್ನೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿದಾಗ ಅವಳ ಮುಖವೇ ಬೇರೆಯಾಗಿತ್ತು. "ಹಂಗಾದ್ರೆ ನನ್ನ ಪೈಪು ಸರಿ ಇತ್ತು!" ಎಂದಳು. ನನ್ನ ತಪ್ಪಿನಲ್ಲಿ ಅವಳಿಗೆ ಕಂಡದ್ದು ಅಷ್ಟೇ. ಇಂಥವರ ಮುಂದೆ ನಾನು ಮೆಕ್ಯಾನಿಕ್ ಅಂತ ಮೆರೆದೆನಲ್ಲ ಎನಿಸಿತು.

ತಿಮ್ಮಪ್ಪಣ್ಣ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ, ಜಗುಲೀಲಿ ಕೂತು ಭೇಷ್ ಭೇಷ್ ಅಂದವ ನಾನು! ಈ ಚಟಾನ ಕಳಸದ ಅರ್ಧ ಡ್ರೈವರಿಗೆ ಕಲ್ಸಿದ್ದೂ ನಾನೇ." ಮೂವರಿಗೂ ನಗು ಬಂತು.

ಟರ್ಬೊದ ಒಳಗಿನ ಹೊಸ ದಂಡವನ್ನೂ ಬೇರಿಂಗನ್ನೂ ನಾನೇ ಚಿಕ್ಕಮಗಳೂರಿಗೆ ಹೋಗಿ ತಂದೆ. ಕೂರಿಸಿದವಳು ಅವಳೇ. ಕೂರಿಸುವಾಗ ಒಂದು ಬೋಲ್ಟನ್ನೂ ಮುಟ್ಟುವ ಧೈರ್ಯ ನನಗಾಗಲಿಲ್ಲ, ಕೇಳಿದ ಸ್ಪ್ಯಾನರನ್ನು ಕೈಗೆ ಕೊಡುತ್ತ ಕೂತೆ. ಆಮೇಲೆ ಎಂಟು ದಿನ ಅವಳೇ ಚೀಲ ಹೇರಿಕೊಂಡು ಹತ್ತಿಸಿದಳು, ಇಳಿಸಿದಳು, ಪ್ರತಿ ಸಲವೂ ಎರಡು ನಿಮಿಷ ಗಡಿಯಾರ ನೋಡಿ ಆಫ್ ಮಾಡಿದಳು. ಎಂಟು ದಿನ ಆಗುವವರೆಗೆ ಒಬ್ಬ ಮನುಷ್ಯನನ್ನೂ ಹತ್ತಿಸಿಕೊಳ್ಳಲಿಲ್ಲ.

ಜನ ಹತ್ತಿದ್ದು ಒಂದು ಶನಿವಾರ, ತಿಮ್ಮಪ್ಪಣ್ಣ ಡಯಾಲಿಸಿಸ್ ಮುಗಿಸಿ ಬಂದ ಸಂಜೆ. ಅಷ್ಟರಲ್ಲಿ ಮೋಡ ಕಟ್ಟಿ ಒಂದೆರಡು ಒಳ್ಳೆಯ ಮಳೆಯೂ ಆಗಿ ರಸ್ತೆ ಜಾರುತ್ತಿತ್ತು. ಜೀಪು ಎಂದಿನಂತೆ ತುಂಬಿತ್ತು. ನಾನು ಹಿಂದೆ ಶೇಷಕ್ಕನ ಪಕ್ಕ ಕೂತಿದ್ದೆ. ಇಳಿಯೋ ತಿರುವು ಬಂದದ್ದೇ, ಅವಳು ನಿಲ್ಲಿಸದಿದ್ದರೂ ಎಲ್ಲರೂ ಚೀಲ ಹಿಡಿದು ಎದ್ದರು. ಮುಂದೆ ತಿಮ್ಮಪ್ಪಣ್ಣನ ಕೈ ಬಾಗಿಲ ಹಿಡಿಯ ಮೇಲಿತ್ತು.

"ಯಾರೂ ಇಳೀಬೇಡಿ," ಎಂದಳು ಸುಮಿತ್ರಾ. ಅವಳ ಧ್ವನಿ ಸಣ್ಣಗಿತ್ತು.

"ನಿಲ್ಸು ಮಗ, ಚೀಲ ಬೇರೆ ಜ್ಯಾಸ್ತಿ ಇದೆ. ಜನ ಇಳೀಲಿ. ನಾನೂ ಇಳೀತೀನಿ," ಎಂದರು ತಿಮ್ಮಪ್ಪಣ್ಣ.

ಆಗ ಹಿಂದಿನಿಂದ ಶೇಷಕ್ಕ ಗದರಿದಳು: "ಕೂತ್ಕೊಳ್ಳಿ ತಿಮ್ಮಪ್ಪಣ್ಣ! ನೀವು ಇಳಿ ಅಂದಾಗೆಲ್ಲ ನಾವು ಇಳಿದಿಲ್ವಾ? ಇವತ್ತು ನಾವು ಕೂರಿ ಅಂತೀವಿ, ಕೂರಿ." ಅಷ್ಟು ಹೇಳಿ ತಾನು ಮೊದಲು ಧಪ್ಪೆಂದು ಕೂತಳು. ಉಳಿದವರೂ ಕೂತರು. ತಿಮ್ಮಪ್ಪಣ್ಣ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಾಗಿಲ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಜೀಪು ಎಡಕ್ಕೆ ತಿರುಗಿ ಮೇಲೆ ಮೂತಿ ಎತ್ತಿತು. ಟರ್ಬೊದ ಸೀಟಿ ಸಣ್ಣಗೆ ಶುರುವಾಗಿ ಏರುತ್ತ ಹೋಯಿತು. ತಿಮ್ಮಪ್ಪಣ್ಣ ಕೂರುತ್ತಿದ್ದ ಮೊದಲ ಕಲ್ಲು ಹಿಂದೆ ಹೋಯಿತು, ಎರಡನೆಯ ಕಲ್ಲೂ ಹೋಯಿತು, ಸಿಲ್ವರ್ ಮರವೂ ಹೋಯಿತು. ಒಂದು ಕಡೆ ಚಕ್ರ ಜಾರಿತು. ಸುಮಿತ್ರಾ ಆಕ್ಸಿಲರೇಟರ್ ಮೇಲಿನ ಕಾಲನ್ನು ಒಂದಿಷ್ಟೂ ಸಡಿಲಿಸಲಿಲ್ಲ. ಜೀಪು ಹಿಡಿದುಕೊಂಡಿತು, ಹತ್ತಿತು, ಏರು ಮುಗಿಸಿ ಇಳಿಜಾರಿನಲ್ಲಿ ಎಂಜಿನ್ ಓಡುತ್ತಿದ್ದಂತೆಯೇ ಬಂದು ಕಣದಲ್ಲಿ ನಿಂತಿತು. ತಿಮ್ಮಪ್ಪಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನನಗೂ ಕಣ್ಣು ತುಂಬಿತ್ತು.

ಸುಮಿತ್ರಾ ಗಡಿಯಾರ ನೋಡಿ, "ಎರಡು ನಿಮಿಷ ಇದು ಹೀಗೇ ಓಡ್ಬೇಕು. ನೀವೆಲ್ಲ ಇಳೀರಿ, ಮನೆಗೆ ಹೋಗಿ," ಎಂದಳು. ಹನಿ ಶುರುವಾಗಿತ್ತು. ಎಲ್ಲರ ಮನೆಯೂ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು, ಶೇಷಕ್ಕನ ಮನೆಯಂತೂ ಕಣದ ಅಂಚಿಗೇ ಇತ್ತು. ಅಕ್ಕಿ ಚೀಲ, ಬುಟ್ಟಿ, ಕೊಡೆ ಎಲ್ಲ ಮಡಿಲಲ್ಲಿಟ್ಟುಕೊಂಡು, ಆ ಎರಡು ನಿಮಿಷ ಮುಗಿದು ಅವಳು ಕೀ ತಿರುಗಿಸುವವರೆಗೆ ಒಬ್ಬರೂ ಇಳಿಯಲಿಲ್ಲ.